ಹಳೆಯ ವಸ್ತು, ಹೊಸ ಒಡೆಯ: ವರ್ತಕನನ್ನು ಕೇಳಬೇಕಾದ ಮೊದಲ ಪ್ರಶ್ನೆ

ಪುರಾತನ ಕಲಾವಸ್ತುಗಳನ್ನು ಕೂಡಿಹಾಕುವ ಹವ್ಯಾಸವು ಒಂದು ಕಾಲಕ್ಕೆ ಅರಸರಿಗೂ ನವಾಬರಿಗೂ ಮೀಸಲಾಗಿದ್ದಿತು. ಇಂದು ಹಾಗಿಲ್ಲ. ಮುಂಬಯಿಯ ಭೇಂಡಿ ಬಜಾರಿನ ನೆರೆಯ ಮಟನ್ ಸ್ಟ್ರೀಟಿನಲ್ಲಾಗಲಿ, ಪುಣೆಯ ಜುನಾ ಬಜಾರಿನಲ್ಲಾಗಲಿ, ದಿಲ್ಲಿಯ ಸುಂದರ ನಗರದ ಅಂಗಡಿಗಳಲ್ಲಾಗಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಹಿತ್ತಾಳೆಯ ತೂಗುದೀಪವನ್ನೋ ಕೆತ್ತನೆಯ ಬಾಗಿಲುವಾಡವನ್ನೋ ಹಳೆಯ ನಾಣ್ಯವನ್ನೋ ಬೆಲೆಮಾಡುತ್ತಿರುವ ಮಧ್ಯಮ ವರ್ಗದ ಗೃಹಸ್ಥರು ಕಣ್ಣಿಗೆ ಬೀಳುತ್ತಾರೆ. ಅವರಲ್ಲಿ ನಮ್ಮ ಕನ್ನಡಿಗರೂ ಉಂಟು. ಊರನ್ನು ಬಿಟ್ಟು ಬಂದವರಿಗೆ ಈ ವಸ್ತುಗಳ ಮೇಲಣ ಮಮತೆ ತುಸು ಹೆಚ್ಚಾಗಿರುವುದು ಸಹಜವೇ ಸರಿ. ಹಿರಿಯರ ಮನೆಯಲ್ಲಿ ಕಂಡ ದೀಪವೊಂದು ನಗರದ ಎರಡು ಕೋಣೆಗಳ ಬಿಡಾರದಲ್ಲಿ ಉರಿದರೆ ಆಗುವ ಸಂತೋಷವನ್ನು ಯಾರೂ ಆಕ್ಷೇಪಿಸಲಾರರು.

ಆದರೆ ಈ ಹವ್ಯಾಸದಲ್ಲಿ ವಸ್ತುವಿಗೂ ಅದನ್ನು ಕೊಳ್ಳುವವನಿಗೂ ನಡುವೆ ನಿಲ್ಲುವವನು ವರ್ತಕ. ಬಟ್ಟೆಯ ವ್ಯಾಪಾರಿಯಲ್ಲಿಯೋ ಅಕ್ಕಿಯ ವ್ಯಾಪಾರಿಯಲ್ಲಿಯೋ ನಾವು ಇಡುವ ನಂಬಿಕೆಗಿಂತ ಇವನಲ್ಲಿ ಇಡಬೇಕಾದ ನಂಬಿಕೆ ಬಹಳ ದೊಡ್ಡದು. ವಸ್ತುವು ನಿಜವಾಗಿಯೂ ಹಳೆಯದೆ, ಎಷ್ಟು ಹಳೆಯದು, ಎಲ್ಲಿಯದು, ಎಷ್ಟರಮಟ್ಟಿಗೆ ದುರಸ್ತಿಯಾದದ್ದು ಎಂಬುದೆಲ್ಲ ಅವನ ಮಾತಿನಿಂದಲೇ ನಮಗೆ ತಿಳಿಯತಕ್ಕದ್ದು. ಸಾಮಾನ್ಯವಾಗಿ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ‘ಬೆಲೆಯೆಷ್ಟು?’ ಎಂಬುದು, ಎರಡನೆಯದು ‘ಇದು ಅಸಲಿಯೆ?’ ಎಂಬುದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು. ‘ಇದು ನಿಮ್ಮ ಕೈಗೆ ಬರುವ ಮೊದಲು ಎಲ್ಲಿತ್ತು?’ ಈ ಪ್ರಶ್ನೆಯನ್ನು ಕೇಳದೆ ಹೋದುದರಿಂದ ಏನೇನು ನಡೆದಿದೆಯೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂಗ್ರಹದಿಂದ ಆದ ಉಪಕಾರ

ಸಂಗ್ರಾಹಕರನ್ನೂ ವರ್ತಕರನ್ನೂ ಒಟ್ಟಾಗಿ ದೂಷಿಸುವುದು ನ್ಯಾಯವಲ್ಲ. ಇಂದು ನಾವು ಹೆಮ್ಮೆಯಿಂದ ನೋಡುವ ಹಲವು ವಸ್ತುಸಂಗ್ರಹಾಲಯಗಳು ಖಾಸಗಿ ಸಂಗ್ರಹಗಳಿಂದಲೇ ಬೆಳೆದವು. ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯವು ೧೯೧೫ರಲ್ಲಿ ಸೇಠ್ ಪುರುಷೋತ್ತಮ ಮಾವಜಿಯವರ ಸಂಗ್ರಹವನ್ನು ಕೊಂಡಿತು. ಮುಂದೆ ಸರ್ ರತನ್ ಟಾಟಾ, ಸರ್ ದೊರಾಬ್ ಟಾಟಾ ಸಹೋದರರ ಸಂಗ್ರಹಗಳೂ ಅದಕ್ಕೆ ಬಂದು ಸೇರಿದವು. ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ತಮ್ಮ ಆಯುಷ್ಯವನ್ನೂ ಐಶ್ವರ್ಯವನ್ನೂ ಕಲಾವಸ್ತುಗಳಿಗಾಗಿ ವೆಚ್ಚಮಾಡಿದರು. ದೇಶವಿದೇಶಗಳ ವರ್ತಕರು ಅವರಿಗಾಗಿ ವಸ್ತುಗಳನ್ನು ಹುಡುಕಿ ತರುತ್ತಿದ್ದರು. ೧೯೪೯ರಲ್ಲಿ ಅವರು ತೀರಿಕೊಂಡ ಬಳಿಕ, ೧೯೫೧ರ ಡಿಸೆಂಬರಿನಲ್ಲಿ ಪಂಡಿತ ನೆಹರೂ ಅವರು ಆ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದರು.

ಪುಣೆಯ ದಿನಕರ ಕೇಳಕರರದು ಇನ್ನೊಂದು ಬಗೆ. ಅಡಕತ್ತರಿ, ದೀಪ, ಅಡುಗೆಯ ಪಾತ್ರೆ, ಬಾಚಣಿಗೆ, ವಾದ್ಯ ಮುಂತಾದ ದಿನಬಳಕೆಯ ಸಾಮಾನುಗಳಲ್ಲಿ ಸೌಂದರ್ಯವನ್ನು ಕಂಡು, ಹಳ್ಳಿಹಳ್ಳಿ ಅಲೆದು ಅವನ್ನು ಕೂಡಿಸಿ, ಎಳೆಯ ವಯಸ್ಸಿನಲ್ಲಿ ತೀರಿಹೋದ ಮಗ ರಾಜಾನ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿ, ಅದನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ನಮ್ಮ ಮಣಿಪಾಲದಲ್ಲಿಯೂ ವಿಜಯನಾಥ ಶೆಣೈಯವರು ಇಂಥದೇ ಕಾರ್ಯವನ್ನು ಮಾಡಿದರು. ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದುದರ ಫಲವೇ ಅಲ್ಲಿಯ ಹಸ್ತಶಿಲ್ಪ ಪರಂಪರಾ ಗ್ರಾಮ. ಇಂಥವರು ಇಲ್ಲದಿದ್ದರೆ ಆ ವಸ್ತುಗಳಲ್ಲಿ ಎಷ್ಟೋ ಒಲೆಗೂ ಕರಗಿಸುವ ಮೂಸೆಗೂ ಹೋಗುತ್ತಿದ್ದವು.

ಬಿಸಾಡಿದುದನ್ನು ಉಳಿಸಿದವನು ಸಂಗ್ರಾಹಕ. ಆದರೆ ಪೂಜೆಯಲ್ಲಿದ್ದುದನ್ನು ಕಿತ್ತು ತಂದರೆ ಅದೂ ಸಂಗ್ರಹವೆನಿಸೀತೆ? ಇವೆರಡರ ನಡುವಣ ಗೆರೆಯನ್ನು ಕಾಣಬೇಕಾದರೆ ತಮಿಳುನಾಡಿನ ಕೆಲವು ನಟರಾಜ ಮೂರ್ತಿಗಳ ಕಥೆಯನ್ನು ಕೇಳಬೇಕು.

ದುರಸ್ತಿಗೆ ಹೋದ ದೇವರು

ಕುಂಭಕೋಣದ ಬಳಿಯ ಶಿವಪುರಂ ಎಂಬ ಹಳ್ಳಿಯಲ್ಲಿ ೧೯೫೧ರಲ್ಲಿ ರೈತನೊಬ್ಬನು ನೆಲವನ್ನು ಅಗೆಯುತ್ತಿದ್ದಾಗ ಚೋಳರ ಕಾಲದ ಕಂಚಿನ ಮೂರ್ತಿಗಳು ದೊರೆತವು. ಅವುಗಳಲ್ಲಿ ಸುಮಾರು ೧೦ನೆಯ ಶತಮಾನದ ಒಂದು ನಟರಾಜನೂ ಇದ್ದನು. ಮೂರ್ತಿಗಳು ಊರಿನ ದೇವಾಲಯಕ್ಕೆ ಸೇರಿದವು. ೧೯೫೪ರಲ್ಲಿ ಅವನ್ನು ದುರಸ್ತಿಗೆಂದು ಶಿಲ್ಪಿಯೊಬ್ಬನಿಗೆ ಒಪ್ಪಿಸಲಾಯಿತು. ದೇವಾಲಯಕ್ಕೆ ಹಿಂತಿರುಗಿ ಬಂದದ್ದು ಹೊಸದಾಗಿ ಎರಕ ಹೊಯ್ದ ಪ್ರತಿಕೃತಿ. ಮೂಲಮೂರ್ತಿಯು ಕೈಯಿಂದ ಕೈಗೆ ಮಾರಾಟವಾಗಿ ನಮ್ಮ ಈ ಮುಂಬಯಿ ನಗರವನ್ನೇ ತಲುಪಿತು.

ಭಕ್ತರು ಪ್ರತಿಕೃತಿಗೆ ದೀಪವೆತ್ತುತ್ತಿದ್ದರು. ಸಂಗತಿಯು ಹೊರಬಿದ್ದುದು ಬ್ರಿಟಿಷ್ ಮ್ಯೂಸಿಯಮಿನ ವಿದ್ವಾಂಸ ಡಗ್ಲಸ್ ಬ್ಯಾರೆಟ್ ಅವರಿಂದ. ದೇವಾಲಯದಲ್ಲಿರುವುದು ಹೊಸದು, ಅಸಲಿಯು ಮುಂಬಯಿಯ ಖಾಸಗಿ ಸಂಗ್ರಹದಲ್ಲಿದೆ ಎಂದು ಅವರು ೧೯೬೫ರಲ್ಲಿ ಮುಂಬಯಿಯಲ್ಲಿಯೇ ಪ್ರಕಟವಾದ ತಮ್ಮ ಚೋಳ ಕಂಚುಗಳ ಗ್ರಂಥದಲ್ಲಿ ಬರೆದರು. ಹೀಗೆ ಅಚ್ಚಿನಲ್ಲಿ ಬಂದ ಮೇಲೆಯೂ ಮೂರ್ತಿಯು ದೇಶದಲ್ಲಿ ಉಳಿಯಲಿಲ್ಲ ಎಂಬುದು ಖೇದದ ಮಾತು. ನ್ಯೂಯಾರ್ಕಿನ ವರ್ತಕರೊಬ್ಬರು ಅದನ್ನು ಕೊಂಡೊಯ್ದರು. ೧೯೭೦ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಕೋಟ್ಯಧೀಶ ಸಂಗ್ರಾಹಕ ನಾರ್ಟನ್ ಸೈಮನ್ ಅವರ ಪ್ರತಿಷ್ಠಾನವು ಒಂಬತ್ತು ಲಕ್ಷ ಡಾಲರುಗಳನ್ನು ಕೊಟ್ಟು ಅದನ್ನು ಖರೀದಿಸಿತು. ಭಾರತ ಸರಕಾರವು ದಾವೆ ಹೂಡಿತು. ೧೯೭೬ರಲ್ಲಿ ರಾಜಿಯಾಯಿತು. ಹತ್ತು ವರ್ಷ ಅಲ್ಲಿಯೇ ಪ್ರದರ್ಶನಕ್ಕಿದ್ದು ಬಳಿಕ ಮೂರ್ತಿಯು ಭಾರತಕ್ಕೆ ಮರಳತಕ್ಕದ್ದೆಂದು ಒಪ್ಪಂದ. ಅದರಂತೆ ೧೯೮೬ರಲ್ಲಿ ನಟರಾಜನು ತಾಯ್ನಾಡಿಗೆ ಬಂದನು. ದುರಸ್ತಿಗೆಂದು ಗುಡಿಯ ಹೊಸ್ತಿಲು ದಾಟಿದವನು ದೇಶಕ್ಕೆ ಮರಳಲು ೩೨ ವರ್ಷಗಳು ಬೇಕಾದವು.

ಪತ್ತೂರಿನ ನಟರಾಜನ ಪ್ರಕರಣ ಇನ್ನೂ ಸ್ವಾರಸ್ಯದ್ದು. ೧೯೭೬ರಲ್ಲಿ ಕೂಲಿಯೊಬ್ಬನಿಗೆ ನೆಲದಡಿ ಸಿಕ್ಕಿದ ಈ ಮೂರ್ತಿಯನ್ನು ೧೯೮೨ರಲ್ಲಿ ಕೆನಡಾದ ಕಂಪನಿಯೊಂದು ಲಂಡನ್ನಿನ ವರ್ತಕನೊಬ್ಬನಿಂದ ಎರಡೂವರೆ ಲಕ್ಷ ಪೌಂಡುಗಳಿಗೆ ಕೊಂಡಿತು. ಕಂಪನಿಗೆ ಕಳವಿನ ಅರಿವಿರಲಿಲ್ಲ. ವರ್ತಕನು ಕೊಟ್ಟ ಸುಳ್ಳು ವೃತ್ತಾಂತವನ್ನು ಅದು ನಂಬಿತ್ತು. ಲಂಡನ್ನಿನ ಪೊಲೀಸರು ಮೂರ್ತಿಯನ್ನು ವಶಪಡಿಸಿಕೊಂಡರು. ವ್ಯಾಜ್ಯವು ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋಯಿತು. ನಮ್ಮ ಕಾನೂನಿನಲ್ಲಿ ದೇವರೂ ಒಬ್ಬ ಆಸ್ತಿವಂತ ವ್ಯಕ್ತಿಯೇ. ಆ ತತ್ತ್ವವನ್ನು ಗೌರವಿಸಿ, ದೇವಾಲಯಕ್ಕೆ ತನ್ನ ಸ್ವತ್ತನ್ನು ಕೇಳುವ ಅಧಿಕಾರ ಉಂಟೆಂದು ೧೯೯೧ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕೊಂಡವನ ಸದ್ಭಾವನೆ ಅವನನ್ನು ಕಾಪಾಡಲಿಲ್ಲ. ಕೊಟ್ಟ ಹಣವೂ ಹೋಯಿತು, ಕೊಂಡ ಮೂರ್ತಿಯೂ ಹೋಯಿತು.

ಸುಳ್ಳು ಕಾಗದದ ಕಥೆ

ಇವೆಲ್ಲ ಹಳೆಯ ಕಾಲದ ಮಾತು, ಈಗ ದೊಡ್ಡ ಸಂಸ್ಥೆಗಳು ಎಚ್ಚರದಿಂದಿವೆ ಎಂದು ಯಾರಾದರೂ ಬಗೆದಾರು. ಹಾಗೆ ಬಗೆಯುವವರು ಶ್ರೀಪುರಂದಾನ್ ಎಂಬ ಹಳ್ಳಿಯ ಪ್ರಕರಣವನ್ನು ನೋಡಬೇಕು. ಅರಿಯಲೂರು ಜಿಲ್ಲೆಯ ಈ ಊರಿನ ಬೃಹದೀಶ್ವರ ದೇವಾಲಯದಿಂದ ೨೦೦೬ರಲ್ಲಿ ನಟರಾಜ ಮೂರ್ತಿಯು ಕಳವಾಯಿತು. ಪೂಜೆ ನಿಂತು ಬಾಗಿಲು ಮುಚ್ಚಿದ್ದ ಗುಡಿಯಾದುದರಿಂದ ಕಳವು ಕೂಡಲೇ ಬೆಳಕಿಗೆ ಬರಲಿಲ್ಲ. ೨೦೦೮ರಲ್ಲಿ ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಶಾಲೆಯು ಅದೇ ಮೂರ್ತಿಯನ್ನು ಸುಮಾರು ೫೦ ಲಕ್ಷ ಅಮೆರಿಕನ್ ಡಾಲರುಗಳಿಗೆ ಕೊಂಡಿತು. ಮಾರಿದವನು ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಅಂಗಡಿಯಿಟ್ಟಿದ್ದ ಸುಭಾಷ್ ಕಪೂರ್. ಏಷ್ಯದ ಕಲೆಯಲ್ಲಿ ಪರಿಣತನೆಂದು ಹೆಸರಾಗಿದ್ದು, ಅನೇಕ ವಸ್ತುಸಂಗ್ರಹಾಲಯಗಳಿಗೆ ವಸ್ತುಗಳನ್ನು ಒದಗಿಸಿದವನು.

ಮೂರ್ತಿಯ ಜತೆಗೆ ಕಾಗದಪತ್ರಗಳೂ ಹೋಗಿದ್ದವು. ದಿಲ್ಲಿಯಲ್ಲಿದ್ದ ವಿದೇಶೀ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ೧೯೭೦ರ ಸುಮಾರಿಗೆ ಅದನ್ನು ಕೊಂಡರೆಂದೂ, ಅವರ ಕುಟುಂಬದಿಂದ ಅದು ತನಗೆ ಬಂದಿತೆಂದೂ ಅವು ಹೇಳುತ್ತಿದ್ದವು. ಈ ಇಸವಿಯ ಗುಟ್ಟನ್ನು ವಾಚಕರು ಗಮನಿಸತಕ್ಕದ್ದು. ಕಳವಿನ ಸಾಂಸ್ಕೃತಿಕ ಸ್ವತ್ತನ್ನು ತಡೆಯುವ ಯುನೆಸ್ಕೋ ಒಡಂಬಡಿಕೆಯಾದದ್ದು ೧೯೭೦ರಲ್ಲಿ. ಭಾರತದ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯಿದೆಯಾದದ್ದು ೧೯೭೨ರಲ್ಲಿ. ಅದಕ್ಕೂ ಮುಂಚೆಯೇ ವಸ್ತುವು ದೇಶವನ್ನು ಬಿಟ್ಟಿತೆಂದು ತೋರಿಸಿದರೆ ವಿದೇಶಗಳ ಕೊಳ್ಳುವವರು ನೆಮ್ಮದಿಯ ಉಸಿರು ಬಿಡುತ್ತಾರೆ. ಆದುದರಿಂದಲೇ ಕಪಟಿಗಳ ಕಾಗದಗಳಲ್ಲಿ ಈ ವರ್ಷಗಳ ಸುತ್ತಮುತ್ತಲಿನ ತಾರೀಖುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು.

ಸುಳ್ಳನ್ನು ಬಯಲಿಗೆಳೆದದ್ದು ಒಂದು ಛಾಯಾಚಿತ್ರ. ೧೯೫೫ರಲ್ಲಿ ಸ್ಥಾಪಿತವಾದ ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿದ್ವಾಂಸರು ದಶಕಗಳ ಕಾಲ ದಕ್ಷಿಣದ ಗುಡಿಗಳನ್ನು ಸುತ್ತಿ ಅಲ್ಲಿಯ ಮೂರ್ತಿಗಳ ಚಿತ್ರಗಳನ್ನು ತೆಗೆದಿಟ್ಟಿದ್ದರು. ಶ್ರೀಪುರಂದಾನಿನ ನಟರಾಜನ ಚಿತ್ರವೂ ಅಲ್ಲಿದ್ದಿತು. ಕ್ಯಾನ್‌ಬೆರಾದ ಮೂರ್ತಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದಾಗ ಎರಡೂ ಒಂದೇ ಎಂಬುದು ಸ್ಪಷ್ಟವಾಯಿತು. ಕಪೂರನು ೨೦೧೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಬಂಧಿತನಾಗಿ, ಮರುವರ್ಷ ಭಾರತಕ್ಕೆ ಒಪ್ಪಿಸಲ್ಪಟ್ಟನು. ೨೦೧೪ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪ್ರಧಾನಿ ಟೋನಿ ಅಬಾಟ್ ಅವರು ದಿಲ್ಲಿಗೆ ಬಂದಾಗ ನಟರಾಜನನ್ನು ಭಾರತದ ಪ್ರಧಾನಿ ನರೇಂದ್ರ ಮೋದಿಯವರಿಗೆ ಒಪ್ಪಿಸಿದರು. ವಿಗ್ರಹ ಕಳವಿನ ಪ್ರಕರಣವೊಂದರಲ್ಲಿ ಕುಂಭಕೋಣದ ನ್ಯಾಯಾಲಯವು ೨೦೨೨ರ ನವೆಂಬರಿನಲ್ಲಿ ಕಪೂರನಿಗೆ ಹತ್ತು ವರ್ಷಗಳ ಸಜೆಯನ್ನು ವಿಧಿಸಿತು. ಅವನ ವ್ಯಾಪಾರಕ್ಕೆ ಸಂಬಂಧಿಸಿ ನ್ಯೂಯಾರ್ಕಿನ ಅಧಿಕಾರಿಗಳು ವಶಪಡಿಸಿಕೊಂಡ ವಸ್ತುಗಳ ಸಂಖ್ಯೆ ಎರಡೂವರೆ ಸಾವಿರವನ್ನು ಮೀರಿದೆ.

ವಿದ್ವಾಂಸರೂ ವಕೀಲರೂ ಇದ್ದ ಒಂದು ರಾಷ್ಟ್ರೀಯ ಸಂಸ್ಥೆಯೇ ಹೀಗೆ ಮೋಸಹೋಯಿತೆಂದರೆ, ಸಾಮಾನ್ಯ ಗೃಹಸ್ಥನ ಪಾಡೇನು? ಕಾಗದವಿದ್ದ ಮಾತ್ರಕ್ಕೆ ಸಾಲದು. ಆ ಕಾಗದವನ್ನು ವರ್ತಕನ ಹೊರತು ಬೇರೆ ಯಾರಾದರೂ ಸತ್ಯವೆಂದು ಹೇಳಬಲ್ಲರೆ ಎಂದು ವಿಚಾರಿಸಬೇಕು. ಹಳೆಯ ರಸೀದಿ, ಅಚ್ಚಾದ ಪಟ್ಟಿ, ಪ್ರದರ್ಶನದ ದಾಖಲೆ, ಹಿಂದಿನ ಒಡೆಯರ ಮನೆಯಲ್ಲಿ ತೆಗೆದ ಚಿತ್ರ, ಇಂಥದು ಒಂದಾದರೂ ಇರಬೇಕು.

ಅಸಲಿ ಮತ್ತು ನಕಲಿ

ಕಳವಿನದಲ್ಲದಿದ್ದರೆ ನಕಲಿಯಾಗಿರಬಹುದೆಂಬುದು ಇನ್ನೊಂದು ಭಯ. ದಕ್ಷಿಣದ ಕಂಚಿನ ಮೂರ್ತಿಗಳನ್ನು ಮೇಣದಲ್ಲಿ ರೂಪಿಸಿ, ಅದರ ಮೇಲೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕಾದುದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಕಾವೇರಿಯ ದಡದ ಸ್ವಾಮಿಮಲೆಯಲ್ಲಿ ಸ್ಥಪತಿಗಳು ಇಂದಿಗೂ ಇದೇ ವಿಧಾನದಿಂದ ಮೂರ್ತಿಗಳನ್ನು ಮಾಡುತ್ತಾರೆ. ಅವು ಸುಂದರವಾದುವು, ಹೊಸದೆಂದು ಹೇಳಿ ಮಾರುವಾಗ ಸಂಪೂರ್ಣ ಪ್ರಾಮಾಣಿಕವಾದುವು. ಆದರೆ ಅಂಥದೊಂದನ್ನು ಆಮ್ಲದಲ್ಲಿ ನೆನೆಸಿ, ಮಣ್ಣಿನಲ್ಲಿ ಹೂತಿಟ್ಟು, ಹಸಿರು ಕಿಲುಬು ಹತ್ತಿಸಿ ‘ಚೋಳರ ಕಾಲದ್ದು’ ಎಂದು ಮಾರುವವರಿದ್ದಾರೆ.

ಪ್ರಯೋಗಾಲಯದ ಪರೀಕ್ಷೆಯಿಂದ ಎಲ್ಲವೂ ತಿಳಿಯುವುದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಸುಟ್ಟ ಮಣ್ಣಿನ ಗೊಂಬೆಯು ಕೊನೆಯ ಬಾರಿ ಬೆಂಕಿಯನ್ನು ಕಂಡದ್ದು ಯಾವ ಕಾಲದಲ್ಲಿ ಎಂಬುದನ್ನು ವಿಜ್ಞಾನಿಗಳು ಹೇಳಬಲ್ಲರು. ಒಳಗೆ ಮಣ್ಣಿನ ತಿರುಳನ್ನಿಟ್ಟು ಎರೆದ ಟೊಳ್ಳು ವಿಗ್ರಹಕ್ಕೂ ಆ ಪರೀಕ್ಷೆ ಒಗ್ಗುತ್ತದೆ. ಆದರೆ ಚೋಳರ ಮೂರ್ತಿಗಳು ಗಟ್ಟಿ ಎರಕದವು. ಒಳಗೆ ಮಣ್ಣಿನ ತಿರುಳಿಲ್ಲವಾದುದರಿಂದ ಆ ಪರೀಕ್ಷೆ ಅಲ್ಲಿ ನಡೆಯದು. ಹೀಗಾಗಿ ಕೊನೆಗೂ ಉಳಿಯುವುದು ಪಳಗಿದ ಕಣ್ಣು ಮತ್ತು ವಸ್ತುವಿನ ಪೂರ್ವವೃತ್ತಾಂತ. ಪೂರ್ವವೃತ್ತಾಂತವನ್ನು ಕೇಳುವ ಅಭ್ಯಾಸವು ಕಳ್ಳಮಾಲಿನಿಂದ ಮಾತ್ರವಲ್ಲ, ನಕಲಿ ಮಾಲಿನಿಂದಲೂ ನಮ್ಮನ್ನು ಕಾಯುತ್ತದೆ.

ಕಾನೂನು ಏನನ್ನುತ್ತದೆ?

೧೯೭೨ರ ಕಾಯಿದೆಯು ೧೯೭೬ರ ಏಪ್ರಿಲ್ ೫ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ, ಕುಶಲವಸ್ತು ಮುಂತಾದುವು ಪ್ರಾಚೀನ ವಸ್ತುಗಳು. ಮಹತ್ತ್ವವುಳ್ಳ ಹಸ್ತಪ್ರತಿಗಳಿಗೆ ೭೫ ವರ್ಷಗಳಾಗಿದ್ದರೆ ಸಾಕು. ಇವುಗಳ ವ್ಯಾಪಾರವನ್ನು ಮಾಡುವವನು ಪರವಾನಗಿಯನ್ನು ಪಡೆದಿರಬೇಕು, ಕೊಂಡುದಕ್ಕೂ ಮಾರಿದುದಕ್ಕೂ ಲೆಕ್ಕವಿಡಬೇಕು. ಸರಕಾರವು ಸೂಚಿಸಿದ ವರ್ಗಗಳ ವಸ್ತುಗಳನ್ನು, ಅವುಗಳಲ್ಲಿ ಶಿಲೆ, ಲೋಹ, ಮಣ್ಣು, ದಂತಗಳ ಶಿಲ್ಪಗಳೂ ಚಿತ್ರಗಳೂ ಸೇರಿವೆ, ಒಡೆಯನು ನೋಂದಾಯಿಸಬೇಕು. ಒಡೆತನವು ಬದಲಾದಾಗ ನೋಂದಣಿಯ ಅಧಿಕಾರಿಗೆ ತಿಳಿಸಬೇಕು. ದೇಶದೊಳಗೆ ಇಂಥ ವಸ್ತುವನ್ನು ಹೊಂದುವುದಾಗಲಿ ಕೊಳ್ಳುವುದಾಗಲಿ ಅಪರಾಧವಲ್ಲ. ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದು ಮಾತ್ರ ಅಪರಾಧ. ಅದಕ್ಕೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸಜೆಯೂ ದಂಡವೂ ಉಂಟು.

ವಿದೇಶದಲ್ಲಿರುವ ಮಗನ ಮನೆಗೆ ಅಜ್ಜಿಯ ಕಾಲದ ದೀಪವನ್ನು ಕೊಂಡೊಯ್ಯಬಯಸುವವರು ಇದನ್ನು ನೆನಪಿಡಬೇಕು. ವಸ್ತುವು ಪ್ರಾಚೀನವಲ್ಲವೆಂದು ಪುರಾತತ್ತ್ವ ಇಲಾಖೆಯಿಂದ ಪ್ರಮಾಣಪತ್ರವನ್ನು ಪಡೆದು ಹೊರಡುವುದು ಕ್ಷೇಮ. ಹಾಗೆಯೇ ಹೊಲದಲ್ಲಿ ನಿಧಿ ದೊರೆತರೆ ೧೮೭೮ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು. ಇನ್ನು ಕಳವಿನ ವಸ್ತುವಿನ ಮಾತು. ಮಾರುವವನಿಗೆ ಇಲ್ಲದ ಒಡೆತನವು ಕೊಳ್ಳುವವನಿಗೆ ಬರಲಾರದು ಎಂಬುದು ೧೯೩೦ರ ಸರಕು ಮಾರಾಟ ಕಾಯಿದೆಯ ಮೂಲನಿಯಮ. ಪತ್ತೂರಿನ ಮೂರ್ತಿಯನ್ನು ಕೊಂಡವರಿಗೆ ಲಂಡನ್ನಿನಲ್ಲಿ ಆದ ಅನುಭವವು ಇಲ್ಲಿಯೂ ಆಗಬಹುದು.

ಆದುದರಿಂದ ಒಳ್ಳೆಯ ವರ್ತಕನನ್ನು ಗುರುತಿಸುವುದು ಹೇಗೆ? ಅವನು ಪರವಾನಗಿಯನ್ನು ತೋರಿಸಲು ಹಿಂಜರಿಯುವುದಿಲ್ಲ. ವಸ್ತುವಿನ ಊರು, ಕಾಲ, ಅಳತೆ, ದುರಸ್ತಿಯಾದ ಭಾಗ ಇವನ್ನು ರಸೀದಿಯಲ್ಲಿ ಬರೆದುಕೊಡುತ್ತಾನೆ. ತಾನು ಹೇಳಿದುದು ತಪ್ಪೆಂದು ಕಂಡುಬಂದರೆ ವಸ್ತುವನ್ನು ಮರಳಿ ಪಡೆದು ಹಣವನ್ನು ಕೊಡುವೆನೆಂದು ಲಿಖಿತವಾಗಿ ಒಪ್ಪುತ್ತಾನೆ. ‘ತಿಳಿಯದು’ ಎಂದು ಹೇಳಬೇಕಾದಲ್ಲಿ ಹಾಗೆಯೇ ಹೇಳುತ್ತಾನೆ. ಇದಕ್ಕೆ ವ್ಯತಿರಿಕ್ತವಾಗಿ, ಇಂದೇ ಕೊಳ್ಳದಿದ್ದರೆ ನಾಳೆ ಬೇರೆಯವರ ಪಾಲಾಗುವುದೆಂದು ಅವಸರಪಡಿಸುವವನು, ರಸೀದಿಯಿಲ್ಲದಿದ್ದರೆ ಬೆಲೆ ಕಡಿಮೆಯೆನ್ನುವವನು, ‘ಒಂದು ದೊಡ್ಡ ಮನೆತನದ್ದು, ಹೆಸರು ಹೇಳುವಂತಿಲ್ಲ’ ಎನ್ನುವವನು, ಇಂಥವರ ಅಂಗಡಿಯಿಂದ ಬರಿಗೈಯಲ್ಲಿ ಹೊರಬಂದರೆ ನಷ್ಟವೇನೂ ಇಲ್ಲ. ವಿಗ್ರಹದ ಪೀಠದಲ್ಲಿ ಕಿತ್ತ ಗುರುತೋ ಮುರಿದ ಕಾಲೋ ಕಂಡರೆ, ಅದು ತಾನಾಗಿ ಪೀಠವನ್ನು ಬಿಟ್ಟು ಬಂದಿಲ್ಲವೆಂದು ತಿಳಿಯಬೇಕು.

ನಮ್ಮ ಊರುಗಳ ಮಾತು

ತಮಿಳುನಾಡಿನ ಕಥೆಗಳು ನಮಗೇಕೆ ಎಂದು ಕೇಳಬಹುದು. ಕರಾವಳಿಯ ಭೂತಸ್ಥಾನಗಳ ಮರದ ಮೂರ್ತಿಗಳು, ಲೋಹದ ಮೊಗಗಳು, ಮನೆತನಗಳ ತೂಗುಮಂಚ, ತಾಳೆಗರಿಯ ಕಟ್ಟುಗಳು, ಇವೆಲ್ಲ ಇಂದು ಸಂಗ್ರಾಹಕರು ಬಯಸುವ ಸಾಮಗ್ರಿಗಳು. ದಿಲ್ಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಉಡುಪಿ ಕಡೆಯ ಮೆಕ್ಕೆಕಟ್ಟಿನ ಭೂತಗಳ ಭವ್ಯವಾದ ಮರದ ಮೂರ್ತಿಗಳನ್ನು ನೋಡಿದವರಿಗೆ ಅವುಗಳ ಕಲಾಮೌಲ್ಯವನ್ನು ಹೇಳಬೇಕಾಗಿಲ್ಲ. ಅಲ್ಲಿ ಅವು ಸಾರ್ವಜನಿಕರ ಸ್ವತ್ತಾಗಿ ಊರಿನ ಹೆಸರಿನೊಡನೆ ನಿಂತಿವೆ. ಹೆಸರನ್ನು ಕಳೆದುಕೊಂಡು ಅಂಗಡಿಯ ಮೂಲೆಯಲ್ಲಿ ನಿಂತವುಗಳ ಗತಿ ಬೇರೆ.

ಇಲ್ಲಿ ಹೊರನಾಡಿನ ಕನ್ನಡಿಗರ ಹೊಣೆ ಬಹಳ ನೇರವಾದುದು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೂ ಬ್ರಹ್ಮಕಲಶೋತ್ಸವಕ್ಕೂ ಮುಂಬಯಿಯ ಸಮಿತಿಗಳಿಂದ ಉದಾರವಾಗಿ ಧನಸಹಾಯ ಹೋಗುತ್ತದೆ, ಅದು ಸ್ತುತ್ಯವಾದುದು. ಆದರೆ ಹಳೆಯ ಕಟ್ಟಡವನ್ನು ಬಿಚ್ಚುವ ಆ ದಿನಗಳಲ್ಲಿಯೇ ಕೆತ್ತನೆಯ ಕಂಬ, ಮುಚ್ಚಿಗೆಯ ಹಲಗೆ, ಹಳೆಯ ಪ್ರಭಾವಳಿ, ಭಿನ್ನವಾದ ಉತ್ಸವಮೂರ್ತಿ, ದೀಪಸ್ತಂಭ ಇವು ಗುಜರಿಯ ತೂಕಕ್ಕೆ ಬೀಳುವ ಅಪಾಯವಿರುವುದು. ಶಿವಪುರಂ ನಟರಾಜನು ಹೋದದ್ದೂ ಕನ್ನಗಳ್ಳನ ಕೈಯಿಂದಲ್ಲ, ದುರಸ್ತಿಯ ಹೆಸರಿನಲ್ಲಿ. ಹಣವನ್ನು ಕಳುಹಿಸುವವರಿಗೆ ಒಂದು ಮಾತನ್ನು ಕೇಳುವ ಅಧಿಕಾರವೂ ಉಂಟು: ಕೆಲಸಕ್ಕೆ ಕೈಹಚ್ಚುವ ಮೊದಲು ಗುಡಿಯಲ್ಲಿರುವ ಪ್ರತಿಯೊಂದು ಹಳೆಯ ವಸ್ತುವಿನ ಪಟ್ಟಿಯಾಗಿದೆಯೆ? ದುರಸ್ತಿಗೆ ಹೋದದ್ದು ಅದೇ ರೂಪದಲ್ಲಿ ಮರಳಿತೆಂದು ಯಾರು ನೋಡಿದರು? ಬೇಡವಾದುದು ಎಲ್ಲಿಗೆ ಹೋಯಿತು?

ಈ ಪಟ್ಟಿಗೆ ದೊಡ್ಡ ವೆಚ್ಚವಿಲ್ಲ. ಈಗ ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಉಳ್ಳ ಮೊಬೈಲ್ ಇದೆ. ಮುಂದಿನ ಬಾರಿ ಜಾತ್ರೆಗೋ ನೇಮಕ್ಕೋ ಊರಿಗೆ ಹೋದಾಗ, ಅರ್ಚಕರ ಮತ್ತು ಆಡಳಿತದವರ ಅನುಮತಿಯನ್ನು ಪಡೆದು, ಮೂರ್ತಿಗಳ ಚಿತ್ರಗಳನ್ನು ಮುಂದಿನಿಂದಲೂ ಹಿಂದಿನಿಂದಲೂ ತೆಗೆದು, ಎತ್ತರವನ್ನು ಅಳೆದು, ಮುಕ್ಕಾದ ಬೆರಳು, ಸವೆದ ಮುಖ ಮುಂತಾದ ಗುರುತುಗಳನ್ನು ಬರೆದು, ಒಂದು ಪ್ರತಿಯನ್ನು ದೇವಸ್ಥಾನದಲ್ಲಿಯೂ ಒಂದನ್ನು ಹೊರಗೆ ಭದ್ರವಾದ ಕಡೆಯಲ್ಲಿಯೂ ಇಡಬೇಕು. ಗರ್ಭಗುಡಿಯ ಚಿತ್ರವನ್ನು ತೆಗೆಯಲು ಸಂಪ್ರದಾಯವು ಅಡ್ಡಿಯಾದಲ್ಲಿ ಅರ್ಚಕರಿಂದಲೇ ವಿವರಗಳನ್ನು ಬರೆಸಿಕೊಳ್ಳಬಹುದು. ನಮ್ಮ ಮನೆಗಳಲ್ಲಿರುವ ಹಿರಿಯರ ವಸ್ತುಗಳಿಗೂ ಇದೇ ಕ್ರಮ ಒಳ್ಳೆಯದು. ಯಾರಿಂದ ಬಂದದ್ದು, ಯಾವ ಊರಿನದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ, ಮುಂದೆ ಮಕ್ಕಳು ಅದನ್ನು ಮಾರಬೇಕಾಗಿ ಬಂದಾಗ ಪ್ರಾಮಾಣಿಕ ವರ್ತಕನು ಆ ಚೀಟಿಗೂ ಬೆಲೆ ಕಟ್ಟುತ್ತಾನೆ.

ಶ್ರೀಪುರಂದಾನಿನ ದೇವರನ್ನು ಮರಳಿ ತಂದದ್ದರಲ್ಲಿ ಒಂದು ಛಾಯಾಚಿತ್ರದ ಪಾಲು ದೊಡ್ಡದು. ಅದನ್ನು ತೆಗೆದಿಟ್ಟವರು ದೂರದೇಶದ ಒಂದು ಸಂಸ್ಥೆಯವರು. ನಮ್ಮ ಊರಿನ ಗುಡಿಯ ಚಿತ್ರವನ್ನು ತೆಗೆದಿಡುವ ಕೆಲಸವನ್ನು ನಾವೇ ಮಾಡಬಾರದೇಕೆ? ಪಟ್ಟಿಯೇ ಇಲ್ಲದ ಗುಡಿಯಿಂದ ವಸ್ತುವೊಂದು ಹೊರಗೆ ಹೋದರೆ, ಇದು ನಮ್ಮದೆಂದು ಯಾವ ನ್ಯಾಯಾಲಯದ ಮುಂದೆಯೂ ತೋರಿಸಲು ನಮ್ಮಲ್ಲಿ ಏನೂ ಇರುವುದಿಲ್ಲ. ಕೊಳ್ಳುವವರು ಕೇಳಲಿ, ಊರಿನವರು ಬರೆದಿಡಲಿ. ಇವೆರಡೂ ನಡೆದಲ್ಲಿ ಕಳ್ಳಮಾಲಿಗೆ ಗಿರಾಕಿ ಸಿಕ್ಕುವುದು ಕಷ್ಟ.